ಎಳ್ಳ ಅಮಾವಾಸ್ಯೆಯ ಏಸಿ

ನಾನು ಹೇಳಬೇಕಾಗಿದ್ದದ್ದು ಎರಡೇ ಶಬ್ದ. "ಏಸಿ ಕೆಟ್ಟೈತಿ." ಒಂದು ಉಸಿರು ಕೂಡ ಹಿಡಿಯದ ಮಾತು. ತಿಕೋಟಾದಲ್ಲಿ ಬಾಯಿಬಡಕಿ ಎಂದು ಹೆಸರು ಮಾಡಿದವಳು ನಾನು. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ನಮ್ಮ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು ಎಂದು ಕೇಳದೆಯೇ ಹೇಳಿದವಳು. ಅಂಥವಳು ಒಡಹುಟ್ಟಿದ ತಮ್ಮನಿಗೆ ಆ ಎರಡು ಶಬ್ದ ಹೇಳಲಿಲ್ಲ. ಹೇಳದೆಯೇ ಅವನಿಗೆ ನಮ್ಮ ಹಳೆಯ ಕಾರು ಮಾರಿದೆ.

ಇವತ್ತು ಮುಂಜಾನೆ ಜೋಳದ ಡಬ್ಬಿಯಲ್ಲಿ ಕೈ ಹಾಕಿದಾಗ ಆ ಕಾರಿನ ಎರಡನೆಯ ಕೀಲಿ ಬೆರಳಿಗೆ ತಾಗಿತು. ಕಳೆಯಬಾರದೆಂದು ಯಾವಾಗಲೋ ನಾನೇ ಅಲ್ಲಿ ಹುಗಿದಿಟ್ಟು, ಆಮೇಲೆ ಮರೆತು, ಮನೆಯ ಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಿದ್ದೆ. ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ಕೀಲಿ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತೆ. ಇದನ್ನು ಬರೆದಿಡಬೇಕು ಅನ್ನಿಸಿತು. ನಾನು ಕಲಿತದ್ದು ಏಳನೆಯ ಇಯತ್ತೆ. ನನಗೆ ಬರೆಯುವುದೆಂದರೆ ಲಗ್ನಪತ್ರಿಕೆಯ ಮೇಲೆ ಬೀಗರ ಹೆಸರು ಬರೆಯುವುದು, ಅಷ್ಟೇ. ತಪ್ಪಿದ್ದರೆ ಬೀಗರಂತೆಯೇ ಸುಧಾರಿಸಿಕೊಳ್ಳಿ.

ನಮ್ಮದು ಖಡಕ್ ರೊಟ್ಟಿಯ ಉದ್ಯೋಗ. ಮನೆಯ ಹಿಂದೆ ಒಂದು ತಗಡಿನ ಶೆಡ್ಡು. ಅಲ್ಲಿ ಶಾಂತವ್ವ ಮತ್ತು ಅವಳ ಜೊತೆಗಿನ ಹೆಂಗಸರು ಮುಂಜಾನೆಯಿಂದ ಪಟಪಟ ರೊಟ್ಟಿ ಬಡಿಯುತ್ತಾರೆ. ಅವನ್ನು ವಿಜಯಪುರದ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಖಡಕ್ ರೊಟ್ಟಿಗೂ ನಮ್ಮ ಕಡೆಯ ಬಸ್ಸಿಗೂ ಹಾಡಹಗಲಿನ ವೈರ. ಹತ್ತುವಾಗ ರೊಟ್ಟಿ, ಇಳಿಯುವಾಗ ನುಚ್ಚು. ಅದಕ್ಕೇ ನಮ್ಮ ಮನೆಯವರು ಊರ ಡಾಕ್ಟರೊಬ್ಬರು ಮಾರಲು ನಿಲ್ಲಿಸಿದ್ದ ಹೈಬ್ರಿಡ್ ಕಾರು ತಂದರು. ಅರ್ಧ ಪೆಟ್ರೋಲಿನ ಮೇಲೆ, ಅರ್ಧ ಬ್ಯಾಟರಿಯ ಮೇಲೆ ಓಡುತ್ತದೆ ಎಂದರು. ನನಗೆ ಹೈಬ್ರಿಡ್ ಎಂದರೆ ಜೋಳದ ತಳಿ ಮಾತ್ರ ಗೊತ್ತಿತ್ತು. ಹೈಬ್ರಿಡ್ ಜೋಳದ ರೊಟ್ಟಿಗೆ ರುಚಿ ಇರುವುದಿಲ್ಲ, ಆದ್ದರಿಂದ ಕಾರಿನ ಮೇಲೂ ನನಗೆ ಮೊದಲ ದಿನವೇ ಸಂಶಯ.

ಆದರೆ ಕಲಿತೆ. ನಲವತ್ತಾರನೆಯ ವಯಸ್ಸಿಗೆ ಕಾರು ಕಲಿತೆ. ಕಲಿಸಿದವರು ನಮ್ಮ ಮನೆಯವರೇ. ಕಲಿಸುವಾಗ ಅವರು ದೇವರ ಹೆಸರು ಹೇಳಿದಷ್ಟು ಲಗ್ನವಾದ ಮೇಲೆ ಒಟ್ಟು ಕೂಡಿಯೂ ಹೇಳಿರಲಿಲ್ಲ.

ಆ ಕಾರಿನ ದೊಡ್ಡ ಗುಣ, ಸಪ್ಪಳ ಮಾಡುವುದಿಲ್ಲ. ದೊಡ್ಡ ಅವಗುಣವೂ ಅದೇ. ನಿಂತಾಗ ಎಂಜಿನ್ ತಾನೇ ಬಂದ್ ಆಗುತ್ತದೆ, ಹೊರಡುವಾಗ ಬ್ಯಾಟರಿಯ ಮೇಲೆ ಮೆಲ್ಲಗೆ ಜಾರುತ್ತದೆ. ಒಮ್ಮೆ ಗಾಂಧಿ ಚೌಕದಲ್ಲಿ ಆಟೋಗಳ ನಡುವೆ ಸಿಕ್ಕು ನಿಂತಿದ್ದೆ. ಹಿಂದಿನಿಂದ ಯಾರೋ ಕೂಗಿದರು: "ಏ, ಅಕ್ಕಾರ ಗಾಡಿ ಬಂದ್ ಬಿದ್ದೈತಿ, ದಬ್ಬರ್ಯೋ!"

"ಬಂದ್ ಬಿದ್ದಿಲ್ರೀ ಯಪ್ಪಾ, ಇದರ ಸ್ವಭಾವನ ಹಿಂಗ!" ಎಂದು ನಾನು ತಲೆ ಹೊರಹಾಕಿ ಹೇಳುವುದರೊಳಗೆ ನಾಲ್ಕು ಜನ ಬಾಳೆಹಣ್ಣಿನ ಬುಟ್ಟಿ ಕೆಳಗಿಟ್ಟು ಬಂದು ದಬ್ಬತೊಡಗಿದರು. ನಾನು ಬ್ರೇಕ್ ಒತ್ತಿ ಹಿಡಿದೆ. ಅವರು ಇನ್ನಷ್ಟು ದಬ್ಬಿದರು. ದಾರಿ ತೆರೆದದ್ದೇ ಬ್ರೇಕ್ ಬಿಟ್ಟೆ. ಕಾರು ಬೆಕ್ಕಿನ ಹಾಗೆ ಮುಂದೆ ಹೋಯಿತು. "ನೋಡ್ರಿ, ಕೈ ಹಚ್ಚಿದ ಕೂಡ್ಲೇ ಚಾಲೂ ಆತು! ಅಕ್ಕಾರ, ಒಂದ್ ಚಾ ಕುಡಸ್ರಿ ಹಂಗಾರ!" ಎಂದರು. ಕುಡಿಸಿದೆ. ಇಷ್ಟು ಪ್ರೀತಿಯಿಂದ ದಬ್ಬಿದವರಿಗೆ ಬ್ಯಾಟರಿಯ ವಿಚಾರ ಹೇಳಿ ಮನಸ್ಸು ಮುರಿಯುವುದು ಯಾಕೆ?

ಈಗ ನೋಡಿದರೆ ನನ್ನ ರೋಗ ಅಲ್ಲಿಯೇ ಇದೆ. ಎದುರಿಗಿನವರು ಸಂತೋಷವಾಗಿದ್ದರೆ ನನಗೆ ನಿಜ ಹೇಳಲು ಆಗುವುದಿಲ್ಲ.

ಏಸಿ ಕೆಟ್ಟದ್ದು ನನ್ನ ರೊಟ್ಟಿಯಿಂದ. ಹಿಂದಿನ ಸೀಟಿನ ಬದಿಗೆ ಒಂದು ಸಣ್ಣ ಜಾಳಿಗೆ ಇತ್ತು. ಅದು ಯಾತಕ್ಕೆಂದು ನನಗೆ ಗೊತ್ತಿರಲಿಲ್ಲ. ಕೈ ಇಟ್ಟರೆ ಸಣ್ಣಗೆ ಗಾಳಿ ಆಡುತ್ತಿತ್ತು. ರೊಟ್ಟಿಗೆ ಗಾಳಿ ಒಳ್ಳೆಯದು, ಮೆತ್ತಗಾಗುವುದಿಲ್ಲ ಎಂದು ನಾಲ್ಕು ವರ್ಷ ಅದರ ಬಾಯಿಗೇ ರೊಟ್ಟಿಯ ಗಂಟು ಒರಗಿಸಿದೆ. ಒಂದು ದಿನ ಏಸಿ ಹಚ್ಚಿದರೆ ಹಂಚಿನ ಮುಂದೆ ಕುಳಿತಂಥ ಬಿಸಿ ಗಾಳಿ ಬಂತು. ಸ್ಟೇಷನ್ ರಸ್ತೆಯ ಹತ್ತಿರದ ಒಬ್ಬ ಮಿಸ್ತ್ರಿಗೆ ತೋರಿಸಿದೆ. ಅವನು ಜಾಳಿಗೆ ಬಿಚ್ಚಿ, ಒಳಗೆ ಕೈ ಹಾಕಿ, ಒಂದು ಹಿಡಿ ರೊಟ್ಟಿಯ ನುಚ್ಚು ತೆಗೆದು ನನ್ನ ಅಂಗೈಯಲ್ಲಿ ಸುರುವಿದ.

"ಅಕ್ಕಾರ, ಗಾಡಿ ಬ್ಯಾಟರಿ ಇಲ್ಲಿಂದ ಉಸರಾಡಸ್ತೈತ್ರಿ. ನೀವ ಅದರ ಮೂಗಿನಾಗ ರೊಟ್ಟಿ ತುರಕೀರಿ. ಬ್ಯಾಟರಿ ಹೆಂಗೋ ಉಳದೈತಿ, ಅದರ ಮ್ಯಾಲ ಓಡೂ ಏಸಿ ಕಂಪ್ರೆಸರ್ ಹೋಗೈತ್ರಿ."

"ರಿಪೇರಿ ಆಗೂದಿಲ್ಲೇನಪಾ?"

"ಆಕ್ಕೈತಿ. ಸಾಮಾನು ಪುಣೆಯಿಂದ ಬರಬೇಕು. ಒಂದ್ ಎಮ್ಮಿ ಕಟ್ಟಿದಷ್ಟ ಖರ್ಚು ಬರತೈತ್ರಿ."

ಎಮ್ಮೆಯಾದರೆ ಹಾಲು ಕೊಡುತ್ತದೆ ಎಂದು ಹೇಳಿ ಬಂದುಬಿಟ್ಟೆ. ನನಗೆ ಏಸಿ ಬೇಕೇ ಇರಲಿಲ್ಲ. ತಂಪಿನಿಂದ ಬಿಸಿಲಿಗೆ ತೆಗೆದರೆ ರೊಟ್ಟಿ ಬೆವರುತ್ತದೆ ಎಂದು ನಾನು ನಂಬಿದವಳು. ಮುಂದೆ ರೊಟ್ಟಿಯ ಕೆಲಸ ಬೆಳೆದು ಸಣ್ಣ ಟೆಂಪೋ ತಂದೆವು. ಕಾರು ಬೇವಿನ ಗಿಡದ ಕೆಳಗೆ ನಿಂತಿತು.

ಇನ್ನು ತಮ್ಮ ಮಲ್ಲು. ನನಗಿಂತ ಆರು ವರ್ಷ ಸಣ್ಣವನು. ತವರೂರು ಬಬಲೇಶ್ವರದಲ್ಲಿ ಬೇಕರಿ ಇಟ್ಟಿದ್ದಾನೆ. ಅಕ್ಕ ಖಡಕ್ ರೊಟ್ಟಿ, ತಮ್ಮ ಕ್ರೀಮ್ ಕೇಕ್. ಒಂದೇ ತಾಯಿಯ ಮಕ್ಕಳು ಎಂದು ಯಾರೂ ನಂಬುವುದಿಲ್ಲ. ಅವನ ಸ್ವಭಾವವೂ ಕೇಕಿನದೇ.

ಸಣ್ಣಂದಿನ ಒಂದು ಮಾತು ಹೇಳುತ್ತೇನೆ. ನಮ್ಮ ಓಣಿಗೆ ಸೈಕಲ್ಲಿನ ಮೇಲೆ ಐಸ್ ಕ್ಯಾಂಡಿಯವನು ಬರುತ್ತಿದ್ದ. ಅವನ ಡಬ್ಬಿಯ ಮುಚ್ಚಳ ತೆರೆದಾಗ ಏಳುವ ಹೊಗೆಯಲ್ಲಿ ಮುಖ ಒಡ್ಡಲು ನಾವು ಹುಡುಗರು ಜಗಳಾಡುತ್ತಿದ್ದೆವು. ಒಮ್ಮೆ ಮಲ್ಲುವಿಗೆ ಜ್ವರ ಬಿಟ್ಟ ಮರುದಿನ ಅವ್ವ ಇಬ್ಬರ ಪಾಲಿನದೂ ತರಲು ನನ್ನನ್ನೇ ಕಳಿಸಿದಳು. ಕೆಂಪು ಬಣ್ಣದವು ಎರಡು ತಂದೆ. ಬರುವ ದಾರಿ ಉದ್ದವಿತ್ತು. ನನ್ನದು ಮುಗಿಯಿತು. ಅವನದು ಹನಿಯತೊಡಗಿತ್ತು, ನೆಲಕ್ಕೆ ಬಿದ್ದು ಹಾಳಾಗಬಾರದೆಂದು ನೆಕ್ಕಿದೆ. ಮನೆ ಮುಟ್ಟಿದಾಗ ಕೈಯಲ್ಲಿ ಕಡ್ಡಿ ಇತ್ತು.

"ಕರಗಿ ಹೋತೋ," ಎಂದೆ. ನನ್ನ ನಾಲಗೆ ಕುಂಕುಮದ ಹಾಗೆ ಕೆಂಪಾಗಿತ್ತು. ಅವನು ನನ್ನ ನಾಲಗೆ ನೋಡಲಿಲ್ಲ. ಕಡ್ಡಿ ತೆಗೆದುಕೊಂಡು ಬಾಯಲ್ಲಿ ಇಟ್ಟು, "ಇನ್ನೂ ಸ್ವಲ್ಪ ಸೀ ಐತಿ ಅಕ್ಕಾ, ನೀನೂ ನೋಡ" ಎಂದು ನನಗೇ ಕೊಟ್ಟ.

ಇಂಥವನಿಗೆ ಮೋಸ ಮಾಡುವುದು ಬಹಳ ಸುಲಭ. ಮಾಡಿದ ಮೇಲೆ ನಿದ್ದೆ ಮಾಡುವುದು ಬಹಳ ಕಷ್ಟ.

ಎಳ್ಳ ಅಮಾವಾಸ್ಯೆಗೆ ಪ್ರತಿ ವರ್ಷ ನಾನು ತವರಿನ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೋಗುತ್ತೇನೆ. ಆ ವರ್ಷ ಟೆಂಪೋ ಬೇರೆ ಕಡೆ ಹೋಗಿತ್ತು. ಗಿಡದ ಕೆಳಗಿನ ಕಾರು ಒರೆಸಿ ಹೊರಟೆ. ಬಬಲೇಶ್ವರದಲ್ಲಿ ಮಲ್ಲು, ಅವನ ಹೆಂಡತಿ ಗೀತಾ, ಅವರ ಬುಟ್ಟಿಗಳು, ಎಲ್ಲವೂ ಹತ್ತಿದವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡುಬು. ಧೂಳು ಬೀಳಬಾರದೆಂದು ಗಾಜು ಏರಿಸಿದ್ದೆ. ಚಳಿಗೆ ಗಾಜಿನ ಮೇಲೆ ಮಂಜು ಕಟ್ಟುತ್ತಿತ್ತು. ಅದಕ್ಕೆ ಬರೀ ಫ್ಯಾನ್ ತಿರುವಿದೆ. ಹೊರಗಿನ ಚಳಿಗಾಳಿ ಸ್ಟೇರಿಂಗ್ ಪಕ್ಕದ ಏಸಿ ಜಾಳಿಗೆಯಿಂದ ಸುಯ್ಯೆಂದು ಒಳಗೆ ಬಂತು.

ಮಲ್ಲು ಅಂಗೈ ಒಡ್ಡಿದ. ಅವನ ಮುಖ ಅರಳಿತು.

"ಅಬಾಬಾಬಾ! ಅಕ್ಕಾ, ಏನ ಏಸಿ ಅಂತೀನಿ! ಗೀತಾ, ಕೈ ಇಡ ಇಲ್ಲಿ. ಕೈ ಮರಗಟ್ಟತೈತಿ!"

"ಹೌದ್ರಿ ಅಕ್ಕಾರ, ಫ್ರಿಜ್ಜಿನಾಗ ಕುಂತಂಗ ಆತು," ಎಂದು ಗೀತಾ ಸೆರಗು ಹೊದ್ದುಕೊಂಡಳು.

"ನಮ್ಮ ಗೋಳ ನಿನಗ ಗೊತ್ತಿಲ್ಲಬೇ," ಎಂದ ಮಲ್ಲು. "ಹ್ವಾದ ಬ್ಯಾಸಗಿಗೆ ಕಾಖಂಡಕಿಗೆ ಒಂದ ಕೇಕ್ ಒಯ್ಯಾಕತ್ತಿದ್ವಿ. ನಾ ಬೈಕ್ ಹೊಡಿಯಾಕತ್ತೀನಿ, ಇಕಿ ತೊಡಿಮ್ಯಾಲ ಡಬ್ಬಿ. ಹೋಗಿ ಮುಚ್ಚಳ ತಗದ್ರ ಹುಡುಗನ ಹೆಸರೆಲ್ಲಾ ಮುಚ್ಚಳಕ್ಕ ಹತ್ತೈತಿ! ಕೇಕ್ ಬೋಳು! ಕಡೀಕ ಮುಚ್ಚಳಾನ ನಿಲ್ಲಿಸಿ ಫೋಟೋ ತಗದ್ರು." ಮೂವರೂ ನಕ್ಕೆವು. ನಗು ನಿಂತ ಮೇಲೆ ಅವನು ಮೆಲ್ಲಗೆ ಹೇಳಿದ: "ನನಗ ಗಾಡಿ ಬ್ಯಾಡಬೇ ಅಕ್ಕಾ, ಏಸಿ ಬೇಕು. ಏಸಿಗೆ ನಾಲ್ಕ ಗಾಲಿ ಇರಬೇಕು, ಅಷ್ಟ. ಇದನ್ನ ಮಾರೂದಿದ್ರ ನನಗ ಕೊಡ್ತಿಯೇನು?"

ಆಗ ಹೇಳಬೇಕಿತ್ತು. ತಮ್ಮಾ, ಅದು ಏಸಿ ಅಲ್ಲ, ಎಳ್ಳ ಅಮಾವಾಸ್ಯೆ ಎನ್ನಬೇಕಿತ್ತು. ಅವನ ಅಂಗೈ ಇನ್ನೂ ಜಾಳಿಗೆಯ ಮುಂದೆಯೇ ಇತ್ತು. ನಾನು "ಹೂಂ" ಎಂದೆ.

ಹೊಲದಲ್ಲಾದರೂ ಹೇಳೋಣ ಎಂದುಕೊಂಡೆ. ಹುಲ್ಲುಲ್ಲಿಗೋ ಎಂದು ಕೂಗುತ್ತ ಬೆಳೆಯ ನಡುವೆ ಚರಗ ಚೆಲ್ಲುವಾಗ ಅವನ ಹಿಂದೆಯೇ ಇದ್ದೆ. ದೇವರ ಎಡೆ ಚೆಲ್ಲುವಾಗ ಕೆಟ್ಟ ಸುದ್ದಿ ಬೇಡ ಅನ್ನಿಸಿತು. ಉಣ್ಣುವಾಗ ಬಾಯಿ ತುಂಬ ಕಡುಬಿತ್ತು. ಉಂಡ ಮೇಲೆ ನೋಡಿದರೆ ಮಲ್ಲು ಅಕ್ಕಪಕ್ಕದ ಹೊಲದವರಿಗೆಲ್ಲ ಡಂಗುರ ಹೊಡೆದು ಬಂದಿದ್ದ. "ಒಮ್ಮೆ ಮಿಸ್ತ್ರಿಗೆ ತೋರಿಸಿ ತಗೋ" ಎಂದು ಯಾರೋ ಬುದ್ಧಿ ಹೇಳಿದರಂತೆ. ಇವನಿಗೆ ಸಿಟ್ಟು ಬಂದಿತ್ತು.

"ಅಕ್ಕನ ಮನಿ ಸಾಮಾನು ಮಿಸ್ತ್ರಿಗೆ ತೋರಸ್ತಾರೇನ್ರಿ? ಅದಕ್ಕಿಂತ ಅಕ್ಕಗ ಬೈದ್ರ ಚಲೋ!"

ನಮ್ಮ ಕಡೆ ಹಾಗೇ. ಒಡಹುಟ್ಟಿದವರ ನಡುವೆ ದನ ಬಂದರೆ ಹಲ್ಲು ಎಣಿಸುವುದಿಲ್ಲ, ಸೀರೆ ಬಂದರೆ ಬಿಚ್ಚಿ ನೋಡುವುದಿಲ್ಲ. ನೋಡಿದರೆ ನಂಬಿಕೆ ಇಲ್ಲ ಎಂದು ಅರ್ಥ. ಇದು ಒಳ್ಳೆಯ ಪದ್ಧತಿ, ಕೊಡುವವರು ಒಳ್ಳೆಯವರಿದ್ದರೆ.

ಸಂಕ್ರಾಂತಿ ಮುಗಿದ ಮೇಲೆ ಮಲ್ಲು ಬಂದ. ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟೆವು, ತೆಂಗಿನಕಾಯಿ ಒಡೆದೆವು. ಅವನು ನಾ ಹೇಳಿದ ಬೆಲೆಗೆ ಒಂದು ಮಾತೂ ಚೌಕಾಸಿ ಮಾಡಲಿಲ್ಲ. ಕಾರು ಸಪ್ಪಳವಿಲ್ಲದೆ ಓಣಿ ತಿರುಗಿತು.

"ಹೇಳಿದಿಯೇನಲೇ?" ಎಂದು ನಮ್ಮ ಮನೆಯವರು ಕೇಳಿದರು.

"ಹೇಳ್ತೀನ್ರಿ, ಬ್ಯಾಸಗಿ ಇನ್ನೂ ದೂರ ಐತಿ."

"ನೀ ಹೇಳೂದಿದ್ರ ಇಷ್ಟೊತ್ತಿಗೆ ಊರಿಗೇ ಗೊತ್ತಾಗಿರ್ತಿತ್ತು," ಎಂದು ಅವರು ಒಳಗೆ ಹೋದರು.

ನಮ್ಮ ಜಿಲ್ಲೆಯಲ್ಲಿ ಬೇಸಗೆ ದೂರ ಇರುವುದಿಲ್ಲ. ಶಿವರಾತ್ರಿಗೇ ಬಂದು ಅಂಗಳದಲ್ಲಿ ನಿಲ್ಲುತ್ತದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಎದೆಗಟ್ಟಿ ಮಾಡಿಕೊಂಡು ಫೋನ್ ಹಚ್ಚಿದೆ.

"ಮಲ್ಲು, ಗಾಡಿ ಹೆಂಗೈತೋ?"

"ಹೂವಿನಂಗ ಐತಿ ಅಕ್ಕಾ."

"ಮತ್ತ... ಏಸಿ?"

"ಏಸಿ ಏನ ಕೇಳ್ತಿ ಬಿಡ. ಗೀತಾ ಶಾಲ ಹೊಚ್ಚಿಕೊಂಡ ಕುಂಡರ್ತಾಳ!"

ನಾನು ಫೋನ್ ಇಟ್ಟು ದೇವರ ಮುಂದೆ ಊದಿನಕಡ್ಡಿ ಹಚ್ಚಿದೆ. ಏಸಿ ತಾನೇ ಸರಿಯಾಗಿತ್ತು! ಬಬಲೇಶ್ವರದ ನೀರಿನ ಗುಣವೋ, ತಮ್ಮನ ಪುಣ್ಯವೋ. ಏಳನೆಯ ಇಯತ್ತೆಯವರೆಗೆ ಕಲಿತವಳಿಗೆ ಅಷ್ಟು ತಿಳಿಯಬೇಕಿತ್ತು, ಕೆಟ್ಟ ಕಂಪ್ರೆಸರ್ ಪುಣ್ಯದಿಂದ ಓಡುವುದಿಲ್ಲ ಎಂದು. ಆದರೆ ನಂಬುವುದರಲ್ಲಿ ನನಗೆ ಲಾಭವಿತ್ತು. ನಂಬಿದೆ.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಗಾಂಧಿ ಚೌಕದಲ್ಲಿ ರೊಟ್ಟಿಯ ಗಂಟು ಇಳಿಸುತ್ತಿದ್ದೆ. ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಆಟೋಗಳ ನಡುವೆ ನನ್ನ ಹಳೆಯ ಕಾರು ನಿಂತಿತ್ತು. ನಾಲ್ಕೂ ಗಾಜು ಕೆಳಗೆ. ಗಾಜಿನ ಜಾಗದಲ್ಲಿ ಒದ್ದೆ ಟವೆಲ್ಲು ಇಳಿಬಿಟ್ಟಿದ್ದರು. ಸ್ಟೇರಿಂಗ್ ಮುಂದೆ ಮಲ್ಲು, ತಲೆಯ ಮೇಲೆ ಒದ್ದೆ ವಸ್ತ್ರ. ಹಿಂದೆ ಗೀತಾ. ಅವಳ ಪಕ್ಕ ಕೇಕಿನ ಡಬ್ಬಿ. ಗೀತಾ ಜೋಳ ಹಸನ ಮಾಡುವ ಮರ ಹಿಡಿದು ಗಾಳಿ ಹಾಕುತ್ತಿದ್ದಳು. ತನಗಲ್ಲ, ಕೇಕಿಗೆ. ಅವಳ ಮುಖ ಬದನೆಕಾಯಿಯ ಹಾಗೆ ಆಗಿತ್ತು. ನಾನು ರೊಟ್ಟಿಯ ಗಂಟಿನ ಹಿಂದೆ ಕುಳಿತುಬಿಟ್ಟೆ. ಅಂಗಡಿಯವರು "ಯಾಕ್ರಿ ಅಕ್ಕಾರ, ಚಕ್ಕರ ಬಂತೇನ್ರಿ?" ಎಂದು ನೀರು ಕೊಟ್ಟರು. ತಣ್ಣೀರು.

ಅವನು ಯಾಕೆ ಸುಳ್ಳು ಹೇಳಿದ? ನಾಲ್ಕು ದಿನ ಶಾಂತವ್ವನ ಜೊತೆ ರೊಟ್ಟಿ ಬಡಿಯುತ್ತ ಅದನ್ನೇ ಯೋಚಿಸಿದೆ. ಆ ನಾಲ್ಕು ದಿನದ ರೊಟ್ಟಿಗಳಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಗೊತ್ತಿಲ್ಲ.

ಐದನೆಯ ದಿನ ನನ್ನ ಮೊಮ್ಮಗಳು ಸಾನ್ವಿಯ ಹುಟ್ಟಿದ ಹಬ್ಬ. "ಕೇಕ್ ನಂದು, ನೀ ಉಸಾಬರಿ ಮಾಡಬ್ಯಾಡ" ಎಂದು ಮಲ್ಲು ಮೊದಲೇ ಹೇಳಿದ್ದ. ಹನ್ನೊಂದರ ಹೊತ್ತಿಗೆ ದಾರಿ ನೋಡಲು ಮಾಳಿಗೆ ಹತ್ತಿದೆ. ಊರ ಹೊರಗಿನ ಹುಣಸೆ ಗಿಡದ ಕೆಳಗೆ ಕಾರು ನಿಂತಿತು. ಮಲ್ಲು ಇಳಿದ. ಒದ್ದೆ ಟವೆಲ್ಲುಗಳನ್ನೆಲ್ಲ ತೆಗೆದು ಹಿಂಡಿ ಡಿಕ್ಕಿಯಲ್ಲಿ ಹಾಕಿದ. ಇಬ್ಬರೂ ಮುಖ ಒರೆಸಿಕೊಂಡರು. ಗೀತಾ ಪೌಡರ್ ಹಚ್ಚಿಕೊಂಡಳು. ಅವನು ಒಣ ಅಂಗಿ ತೊಟ್ಟುಕೊಂಡ. ಆಮೇಲೆ ನಾಲ್ಕೂ ಗಾಜು ಏರಿದವು. ಆ ಬಿಸಿಲಿನಲ್ಲಿ, ಮುಚ್ಚಿದ ಡಬ್ಬಿಯಂಥ ಕಾರಿನಲ್ಲಿ ಕುಳಿತು, ಅವರು ನಮ್ಮ ಮನೆಯವರೆಗೆ ಮೆಲ್ಲಗೆ ಬಂದರು.

ಇಳಿದವನೇ ನಕ್ಕ. "ಹೊರಗ ಏನ ಝಳಬೇ ಅಕ್ಕಾ! ಒಳಗ ಗೊತ್ತ ಆಗಲಿಲ್ಲ ನೋಡ!"

ಪೌಡರಿನ ನಡುವೆ ಬೆವರು ಕಾಲುವೆ ತೋಡಿಕೊಂಡು ಇಳಿಯುತ್ತಿತ್ತು.

ಡಬ್ಬಿ ತೆರೆದೆವು. ಕೊನೆಯ ಆ ನೂರು ಹೆಜ್ಜೆ ಕೇಕನ್ನು ಕೊಂದಿತ್ತು. ಗುಲಾಬಿ ಹೂಗಳು ಒಂದರ ಹೆಗಲ ಮೇಲೆ ಒಂದು ಮಲಗಿದ್ದವು. ಸಾನ್ವಿಯ ಹೆಸರು ಜಾರಿ ಒಂದು ಬದಿಗೆ ಇಳಿದಿತ್ತು. ಹುಡುಗಿ ಚಪ್ಪಾಳೆ ತಟ್ಟಿದಳು: "ಅಜ್ಜೀ, ನನ್ನ ಹೆಸರು ಜಾರಗುಂಡಿ ಆಡಾಕತ್ತೈತಿ!" ಎಲ್ಲರೂ ನಕ್ಕರು. ಮಲ್ಲು ನಗಲಿಲ್ಲ. ಎದ್ದು ಹಿಂದಿನ ರೊಟ್ಟಿ ಶೆಡ್ಡಿಗೆ ಹೋದ. ನಾನೂ ಹಿಂದೆಯೇ ಹೋದೆ.

ಮುಂದೆ ಆದದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಕೊನೆಗೆ ನನಗೆ ಬೇರೆ ಮಾತು ಬೇಡ. ಶೆಡ್ಡಿನಲ್ಲಿ ನಾನು ಬಾಯಿ ಬಿಟ್ಟ ಮೇಲೆ ಮಲ್ಲು ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟ. ಆಮೇಲೆ, "ಹಂಗಾರ ನಾ ಕೆಡಿಸಿಲ್ಲ?" ಎಂದು ಕೇಳಿದ. ಜೈಲಿನಿಂದ ಬಿಟ್ಟವನ ಮುಖ ಹಾಗಿರುತ್ತದೆ. ಸಿಟ್ಟಾದವಳು ಗೀತಾ, ಅದು ನ್ಯಾಯವೇ. "ಎರಡು ತಿಂಗಳ ಕೇಕಿಗೆ ಗಾಳಿ ಹಾಕೇನ್ರಿ ಅಕ್ಕಾರ, ನನಗ ಒಬ್ಬರೂ ಹಾಕಲಿಲ್ಲ" ಎಂದು ಬೆನ್ನು ತಿರುಗಿಸಿ ಉಂಡಳು. ಅವಳು ಉಣ್ಣುವವರೆಗೂ ನಾನು ಮರ ಹಿಡಿದು ಗಾಳಿ ಹಾಕಿದೆ. ಎರಡನೆಯ ಹೋಳಿಗೆಗೆ ಅವಳ ಹೆಗಲು ಕುಣಿಯತೊಡಗಿತು, ನಗುತ್ತಿದ್ದಳು. ಪುಣೆಯಿಂದ ಸಾಮಾನು ನಾನೇ ತರಿಸಿದೆ. ಈಗ ಗೀತಾ ನಿಜವಾಗಿಯೂ ಶಾಲು ಹೊದ್ದು ಕೂಡುತ್ತಾಳೆ. ಇವತ್ತು ಸಿಕ್ಕ ಕೀಲಿಯನ್ನೂ ಮುಟ್ಟಿಸಬೇಕು.

ಇನ್ನು ಆ ದಿನ ಶೆಡ್ಡಿನಲ್ಲಿ ಆದದ್ದು. ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಮಲ್ಲು ಹಿಟ್ಟಿನ ಚೀಲದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ.

"ಅಕ್ಕಾ, ತಪ್ಪಾತು. ನಿನ್ನ ಗಾಡಿ ಏಸಿ ನಾ ಕೆಡಿಸಿಬಿಟ್ಟೆ. ಕೇಕಿನ ಸಕ್ಕರಿ ಒಳಗ ಹೋತೋ, ಇರಿವಿ ಹೊಕ್ಕವೋ ಗೊತ್ತಿಲ್ಲ. ಶಿವರಾತ್ರಿಗೇ ಕೆಟ್ಟಿತು. ನೀ ಎಷ್ಟ ಜ್ವಾಕಿ ಮಾಡಿ ಕೊಟ್ಟಿದ್ದಿ. ನಿನಗ ಹೆಂಗ ಹೇಳ್ಲಿ ಅಂತ ಸುಳ್ಳ ಹೇಳಿದೆ."

ನನ್ನ ಬಾಯಿಂದ ಏನು ಬಂತು ಗೊತ್ತೆ? "ಹೋಗ್ಲಿ ಬಿಡೋ" ಎಂದೆ. ಅವನನ್ನು ಕ್ಷಮಿಸಿಬಿಟ್ಟೆ! ಅವನು ಬಗ್ಗಿ ನನ್ನ ಕಾಲಿಗೆ ಕೈ ಹಚ್ಚಿದ. ಆ ಕೈ ಬಿಸಿಯಾಗಿತ್ತು, ಒದ್ದೆಯಾಗಿತ್ತು. ಶಾಂತವ್ವನ ಬಡಿತ ನಿಂತಿತು. ಅವಳಿಗೆ ಎಲ್ಲ ಗೊತ್ತಿತ್ತು. ಕಾರಿನ ಮೂಗಿನಿಂದ ತೆಗೆದ ನುಚ್ಚನ್ನು ನಾನು ಅವಳ ಕೋಳಿಗಳಿಗೇ ಹಾಕಿದ್ದೆ. ಅವಳು ನನ್ನ ಕಡೆ ನೋಡಿದಳು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು.

ನಾನು ಮಲ್ಲುವಿನ ಎರಡೂ ಕೈ ಹಿಡಿದು ಎಬ್ಬಿಸಿದೆ.

"ಏಳ ತಮ್ಮಾ, ನನ್ನ ಕಾಲ ಮುಟ್ಟಬ್ಯಾಡ. ಏಸಿ ನೀ ಕೆಡಿಸಿಲ್ಲ. ನಿನಗ ಕೊಡೂಕಿಂತ ಮೊದಲ ನಾನ ಕೆಡಿಸಿದ್ದೆ, ರೊಟ್ಟಿ ತುರಕಿ. ಎಳ್ಳ ಅಮಾಸಿ ದಿನ ನೀ ಕೈ ಒಡ್ಡಿದಾಗ ಬಂದದ್ದು ಬರೀ ಹೊರಗಿನ ಚಳಿ. ನನಗ ಗೊತ್ತಿತ್ತು, ಗೊತ್ತಿದ್ದೂ ಹೂಂ ಅಂದೆ. ಆ ಐಸ್ ಕ್ಯಾಂಡಿನೂ ಕರಗಿರಲಿಲ್ಲೋ ಮಲ್ಲು, ನಾನ ತಿಂದಿದ್ದೆ. ತಪ್ಪ ನಂದು. ನನಗ ಮಾಫ್ ಮಾಡಪಾ."